ಬಿಟ್ಟ ಹಾಡಿನ ನಿಯ್ಯತ್

ಕರ್ಮಗಳಿಗೆ ನಿಯ್ಯತ್ತೇ (ಸಂಕಲ್ಪವೇ) ಆಧಾರವೆಂಬುದನ್ನು ನಮ್ಮ ಮಕ್ಕಳೂ ಬಲ್ಲರು. ಮದ್ರಸದ ಮೊದಲ ದಿನಗಳಲ್ಲೇ ಆ ಹದೀಸನ್ನು ಬಾಯಿಪಾಠ ಮಾಡಿಸಲಾಗುತ್ತದೆ. ಆದರೆ ಮಾಡದೆ ಬಿಟ್ಟ ಕೆಲಸಕ್ಕೂ ಒಂದು ನಿಯ್ಯತ್ ಇರುತ್ತದೆ, ಅದನ್ನೂ ಬೆಳಕಿಗೆ ಹಿಡಿದು ನೋಡಬೇಕು ಎಂಬುದು ನನಗೆ ತಡವಾಗಿ ತಿಳಿಯಿತು. ತಿಳಿದದ್ದು ಒಂದು ಹಾಡಿನ ದೆಸೆಯಿಂದ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಹಾಡದೆ ಬಿಟ್ಟ ಎರಡು ಹಾಡುಗಳ ದೆಸೆಯಿಂದ.

ಮೊದಲನೆಯದು ನನ್ನದೇ ಕತೆ. ಶಿಗ್ಗಾವಿ ತಾಲೂಕಿನ ಒಂದು ಶಾಲೆಯಲ್ಲಿ ವಾರ್ಷಿಕ ಸ್ನೇಹ ಸಮ್ಮೇಳನ, ನಮ್ಮ ಕಡೆಯ ಮಾತಿನಲ್ಲಿ ಗ್ಯಾದರಿಂಗ್. ಮಕ್ಕಳಿಂದ ಶಿಶುನಾಳ ಶರೀಫರ ಪದಗಳನ್ನು ಹಾಡಿಸಬೇಕೆಂದು ತೀರ್ಮಾನವಾಯಿತು. ಈ ಭಾಗದಲ್ಲಿ ಅದೇನೂ ಹೊಸದಲ್ಲ. 1819ರಲ್ಲಿ ಶರೀಫರು ಹುಟ್ಟಿದ ಶಿಶುವಿನಹಾಳ ಇದೇ ತಾಲೂಕಿನ ಊರು. 1889ರಲ್ಲಿ ತೀರಿಕೊಂಡ ಅವರ ಗದ್ದುಗೆಗೆ ಇಂದಿಗೂ ಹಿಂದೂಗಳೂ ಮುಸ್ಲಿಮರೂ ಬರುತ್ತಾರೆ. ಇಮಾಮ್ ಸಾಹೇಬರ ಮಗ, ಕಳಸದ ಗೋವಿಂದ ಭಟ್ಟರ ಶಿಷ್ಯ, ಕೆಲಕಾಲ ಶಾಲಾ ಮಾಸ್ತರ. ಮಾಸ್ತರಿಕೆಯ ಕಾರಣಕ್ಕಾದರೂ ನಾನು ಅವರನ್ನು ನಮ್ಮವರೆಂದು ಹೇಳಿಕೊಳ್ಳಬಹುದು! ಮದ್ರಸದಲ್ಲಿ ಕಲಿತು ಕನ್ನಡ ಬಿ.ಎ. ಮಾಡಿದವನೆಂಬ ಕಾರಣಕ್ಕೆ ಪದಗಳನ್ನು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಏಳು ಪದ ಆರಿಸಿದೆ. ಊರಿನಲ್ಲಿ ಮಗಳ ಮನೆಗೆ ಬಂದು ಉಳಿದಿದ್ದ ಒಬ್ಬ ಹಿರಿಯರು, ಭಜನಾ ಮೇಳದಲ್ಲಿ ಹಾರ್ಮೋನಿಯಂ ನುಡಿಸುವವರು, ಮೂರು ವಾರ ಸಂಜೆ ಸಂಜೆ ಬಂದು ಮಕ್ಕಳಿಗೆ ತಾಲೀಮು ಕೊಟ್ಟರು. ಕಾರ್ಯಕ್ರಮದ ಹಿಂದಿನ ದಿನ ನಾನು ಏಳರಲ್ಲಿ ಒಂದನ್ನು ತೆಗೆದುಹಾಕಿದೆ.

ತೆಗೆದದ್ದು ಹೊರ ಆಚಾರದ ಆಡಂಬರವನ್ನು ಚುಚ್ಚುವ ಪದ. ಅದು ಎರಡು ಕಡೆಯವರನ್ನೂ ಚುಚ್ಚುತ್ತದೆ. ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವವರು ಯಾರೆಂಬ ಪಟ್ಟಿ ಹಿಂದಿನ ದಿನವೇ ನನ್ನ ಕೈಗೆ ಬಂದಿತ್ತು. ನಮ್ಮವರಲ್ಲಿ ಒಬ್ಬರು "ಮೌಲ್ವಿ ಇದ್ದುಕೊಂಡು ಇದನ್ನು ಹಾಡಿಸಿದನೇ" ಎಂದಾರು, ಅವರಲ್ಲಿ ಒಬ್ಬರು "ಸಾಬರ ಮಾಸ್ತರ ಬೇಕೆಂದೇ ಆರಿಸಿದ್ದಾನೆ" ಎಂದಾರು. ಎರಡೂ ಮಾತುಗಳನ್ನು ನನ್ನ ಕಿವಿ ಮುಂಚೆಯೇ ಕೇಳಿಸಿಕೊಂಡಿತು.

ಮರುದಿನ ಮಕ್ಕಳು ಆರು ಪದ ಹಾಡಿದರು, ಚಪ್ಪಾಳೆ ಬಿತ್ತು. ಎಲ್ಲ ಮುಗಿದ ಮೇಲೆ ಆ ಹಿರಿಯರು ವೇದಿಕೆಯ ಮಗ್ಗುಲಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರು:

"ಆ ಪದಾ ಯಾಕ ಬಿಟ್ರಿ ಮಾಸ್ತರ?"

"ವ್ಯಾಳ್ಯಾ ಸಾಲಲಿಲ್ರಿ ಅಜ್ಜಾರ."

ಅವರು ಒಮ್ಮೆ ಸುತ್ತ ನೋಡಿದರು. ಮೈಕ್ ಸೆಟ್ಟಿನವನು ಇನ್ನೂ ಸಿನಿಮಾ ಹಾಡು ಹಾಕುತ್ತಿದ್ದ. ಖಾಲಿ ಕುರ್ಚಿಗಳ ನಡುವೆ ಮಕ್ಕಳು ಓಡಾಡುತ್ತಿದ್ದರು. ಕತ್ತಲಾಗಲು ಇನ್ನೂ ಸಮಯವಿತ್ತು. "ಹೌದೇನ್ರಿ" ಎಂದಷ್ಟೇ ಹೇಳಿ ಶಲ್ಯ ಹೆಗಲಿಗೆ ಹಾಕಿಕೊಂಡು ಹೋದರು.

ಎರಡನೆಯ ಹಾಡು ನನ್ನ ಹಳೆಯ ವಿದ್ಯಾರ್ಥಿಯೊಬ್ಬನದು. ಸವಣೂರಿನ ಹುಡುಗ, ಹುಬ್ಬಳ್ಳಿಯಲ್ಲಿ ಓದು ಮುಗಿಸಿ ಅಲ್ಲೇ ಕೆಲಸದಲ್ಲಿದ್ದಾನೆ. ನಾಲ್ವರು ಗೆಳೆಯರ ಜೊತೆ ಸೇರಿ ಗಿಟಾರು, ಡ್ರಮ್ಮುಗಳ ಒಂದು ರಾಕ್ ತಂಡ ಕಟ್ಟಿಕೊಂಡಿದ್ದಾನೆ. ವಾದ್ಯಗಳ ವಿಷಯದಲ್ಲಿ ಫಿಕ್ಹ್ ವಿದ್ವಾಂಸರ ನಿಲುವುಗಳು ಓದುಗರಿಗೆ ತಿಳಿದೇ ಇವೆ. ಅದನ್ನು ಅವನಿಗೂ ನಾನು ಹಿಂದೆಯೇ ಹೇಳಿದ್ದೇನೆ, ಅವನೂ ಕೇಳಿದ್ದಾನೆ, ಗಿಟಾರನ್ನು ಬಿಟ್ಟಿಲ್ಲ. ಇಲ್ಲಿ ನಾನು ಬರೆಯಹೊರಟಿರುವುದು ಆ ಚರ್ಚೆಯನ್ನಲ್ಲ.

ಈದ್‌ಗೆ ಊರಿಗೆ ಬಂದವನು ಮನೆಗೂ ಬಂದ. ಶೀರ್‌ಖುರ್ಮಾ ಕುಡಿಯುತ್ತ, ತಮ್ಮ ಮೊದಲ ಆಲ್ಬಮ್ ಸಿದ್ಧವಾಗುತ್ತಿದೆ ಎಂದ. ಒಂಬತ್ತು ಹಾಡು ಧ್ವನಿಮುದ್ರಣವಾಗಿವೆ, ಎಂಟು ಮಾತ್ರ ಹೊರಬರುತ್ತವೆ. ಬಿಟ್ಟ ಒಂದು ಹಾಡು ಅವನೇ ಬರೆದದ್ದು. ಗೆಳೆಯರೆಲ್ಲ ಅದೇ ಎಲ್ಲಕ್ಕಿಂತ ಚೆನ್ನಾಗಿದೆ ಎನ್ನುತ್ತಾರೆ. "ಮತ್ಯಾಕೆ ಬಿಟ್ಟೆ?" ಎಂದರೆ ಅವನು ನೇರವಾಗಿ ಉತ್ತರಿಸಲಿಲ್ಲ. "ಸರ್, ದೊಡ್ಡ ದೊಡ್ಡ ತಂಡದವರೇ ಬಿಟ್ಟಿದ್ದಾರೆ" ಎಂದು ಶುರುಮಾಡಿದ. ನನಗೆ ಆ ಲೋಕ ಗೊತ್ತಿಲ್ಲ. ಆದ್ದರಿಂದ ಅವನು ಹೇಳಿದ್ದನ್ನು ಆಮೇಲೆ ಓದಿ ನೋಡಿ ಖಾತ್ರಿ ಮಾಡಿಕೊಂಡೆ. ಆ ಸಂಗತಿಗಳು ನಮ್ಮ ವಿಷಯಕ್ಕೆ ಬೇಕಾದವು.

1962ರ ಸೆಪ್ಟೆಂಬರ್ 4ರಂದು ಲಿವರ್‌ಪೂಲಿನ ನಾಲ್ವರು ಹುಡುಗರ ಬೀಟಲ್ಸ್ ತಂಡ ಲಂಡನ್ನಿನ ಇಎಂಐ ಸ್ಟುಡಿಯೋದಲ್ಲಿತ್ತು. ಆ ಕಂಪನಿಯಿಂದ ಅವರ ಒಂದು ರೆಕಾರ್ಡೂ ಇನ್ನೂ ಹೊರಬಂದಿರಲಿಲ್ಲ. ನಿರ್ಮಾಪಕ ಜಾರ್ಜ್ ಮಾರ್ಟಿನ್, ಮಿಚ್ ಮರ್ರೆ ಎಂಬವರು ಬರೆದ 'ಹೌ ಡು ಯು ಡು ಇಟ್' ಎಂಬ ಹಾಡನ್ನು ಅವರ ಕೈಗೆ ಕೊಟ್ಟರು. ಇದು ಗೆಲ್ಲುವ ಹಾಡು ಎಂಬುದು ಮಾರ್ಟಿನ್ನರ ನಂಬಿಕೆ. ಹುಡುಗರು ಹೇಳಿದಂತೆ ಹಾಡಿ ಧ್ವನಿಮುದ್ರಿಸಿಕೊಟ್ಟರು. ಆಮೇಲೆ, ಇದು ಬೇಡ, ನಮ್ಮದೇ ಹಾಡು ಬರಲಿ ಎಂದರು. ಅಕ್ಟೋಬರ್ 5ರಂದು ಅವರದೇ 'ಲವ್ ಮಿ ಡು' ಹೊರಬಂತು. ಬ್ರಿಟನ್ನಿನ ಪಟ್ಟಿಯಲ್ಲಿ ಅದು ಏರಿದ್ದು 17ನೇ ಸ್ಥಾನದ ತನಕ ಮಾತ್ರ. ಅವರು ಬೇಡವೆಂದ ಹಾಡನ್ನು ಮಾರ್ಟಿನ್ ಅದೇ ಲಿವರ್‌ಪೂಲಿನ ಇನ್ನೊಂದು ತಂಡಕ್ಕೆ, ಗೆರಿ ಅಂಡ್ ದಿ ಪೇಸ್‌ಮೇಕರ್ಸ್‌ಗೆ ಕೊಟ್ಟರು. 1963ರ ಏಪ್ರಿಲ್‌ನಲ್ಲಿ ಅದು ಮೊದಲ ಸ್ಥಾನಕ್ಕೇರಿತು! ಮಾರ್ಟಿನ್ನರ ಎಣಿಕೆ ತಪ್ಪಿರಲಿಲ್ಲ. ಆದರೂ 1963ರ ಮಾರ್ಚ್ 22ರಂದು ಬಂದ ಬೀಟಲ್ಸ್‌ನ ಮೊದಲ ಆಲ್ಬಮ್‌ನಲ್ಲಿ ಆ ಹಾಡಿಲ್ಲ. ಅವರು ಹಾಡಿದ್ದ ಪ್ರತಿ ಅಧಿಕೃತವಾಗಿ ಹೊರಬಂದದ್ದು 1995ರಲ್ಲಿ.

ಇಲ್ಲಿ ಅವಸರದಿಂದ "ಪರರದನ್ನು ಬಿಟ್ಟು ಸ್ವಂತದ್ದನ್ನು ಹಿಡಿದರು, ಎಂಥ ಪ್ರಾಮಾಣಿಕತೆ" ಎಂದು ಬರೆದುಬಿಡಬಹುದು. ನಾನೂ ಹಾಗೆ ಬರೆಯುವುದರಲ್ಲಿದ್ದೆ. ಆದರೆ ಆ ಆಲ್ಬಮ್‌ನ 14 ಹಾಡುಗಳಲ್ಲಿ ಎಂಟು ಮಾತ್ರ ಅವರವು, ಉಳಿದ ಆರು ಬೇರೆಯವರ ರಚನೆಗಳೇ. ಪರರದು ಎಂಬುದು ಬಿಡಲು ಕಾರಣವಾಗಿದ್ದರೆ ಆ ಆರನ್ನೂ ಬಿಡಬೇಕಿತ್ತು. ಆ ಆರು ಹಾಡುಗಳನ್ನು ಅವರು ತಾವಾಗಿ ಮೆಚ್ಚಿ ಹಾಡಿದ್ದರು. ಮರ್ರೆಯ ಹಾಡಿಗೆ ಅವರ ಬಾಯಿ ಒಪ್ಪಿತ್ತು, ಮನಸ್ಸು ಒಪ್ಪಿರಲಿಲ್ಲ. ಗೆಲುವು ಖಚಿತವಿದ್ದರೂ ಮನಸ್ಸು ಒಪ್ಪದ್ದನ್ನು ತಮ್ಮ ಹೆಸರಿನಲ್ಲಿ ಹೊರಬಿಡಲಾರೆವು ಎಂದರು. ನಮ್ಮ ಎಷ್ಟು ಮಂದಿ ಭಾಷಣಕಾರರು, ಲೇಖಕರು ಇಷ್ಟನ್ನು ಮಾಡಿಯಾರು?

ಅದೇ ಆಲ್ಬಮ್‌ನಿಂದ ಇನ್ನೊಂದು ಹಾಡೂ ಹೊರಗುಳಿಯಿತು. 1963ರ ಫೆಬ್ರವರಿ 11ರಂದು ಒಂದೇ ದಿನದಲ್ಲಿ ಅವರು ಆಲ್ಬಮ್‌ನ ಹತ್ತು ಹಾಡುಗಳನ್ನು ಮುಗಿಸಿದರು. ಅಂದೇ ತಮ್ಮದೇ ರಚನೆಯಾದ 'ಹೋಲ್ಡ್ ಮಿ ಟೈಟ್' ಅನ್ನೂ ಮತ್ತೆ ಮತ್ತೆ ಹಾಡಿ ನೋಡಿದರು. ಅದು ಆಲ್ಬಮ್ ಸೇರಲಿಲ್ಲ. ಹೊಸದಾಗಿ ಹಾಡಿಸಿಕೊಂಡು ಅದೇ ವರ್ಷ ನವೆಂಬರ್‌ನಲ್ಲಿ ಎರಡನೆಯ ಆಲ್ಬಮ್‌ಗೆ ಬಂತು. ಈ ಬಗೆಯ ಬಿಡುವಿಕೆಯಲ್ಲಿ ದೊಡ್ಡ ತತ್ತ್ವವೇನೂ ಇಲ್ಲ. ಸವಣೂರಿನ ಎಲೆತೋಟದವರನ್ನು ಕೇಳಿದರೆ ಸಾಕು: ಬಲಿತ ಎಲೆಯನ್ನು ಕೊಯ್ದು ಎಳೆಯದನ್ನು ಬಳ್ಳಿಯಲ್ಲೇ ಬಿಡುತ್ತಾರೆ. ನಮ್ಮ ಶರೀಫರ ಪದಗಳಿಗೂ ಹೀಗೇ ಆಯಿತು. 2008ರಲ್ಲಿ ಬಂದ ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದ ಮೊದಲ ಆಲ್ಬಮ್‌ನಲ್ಲಿ 'ಗುಡುಗುಡಿಯ ಸೇದಿ ನೋಡೋ' ಪದವಿತ್ತು. ಇಂದು ಹುಡುಗರೆಲ್ಲ ಗುನುಗುವ 'ಲೋಕದ ಕಾಳಜಿ' ಅದರಲ್ಲಿರಲಿಲ್ಲ, 2013ರ ಎರಡನೆಯ ಆಲ್ಬಮ್‌ನಲ್ಲಿ ಬಂತು. ಒಂದೂವರೆ ಶತಮಾನ ಭಜನಾ ಮೇಳಗಳ ಬಾಯಲ್ಲಿ ಬಾಳಿ ಬಂದ ಪದಕ್ಕೆ ಇನ್ನೊಂದು ಐದು ವರ್ಷ ಯಾವ ಲೆಕ್ಕ!

ಇನ್ನೊಂದು ಬಗೆಯನ್ನು ಅವನು ಹೇಳಿದಾಗ ನಾನು ಕುತೂಹಲದಿಂದ ಕಿವಿಗೊಟ್ಟೆ, ಏಕೆಂದರೆ ಅದು ವ್ಯಾಪಾರದ ನೀತಿಗೆ ಸಂಬಂಧಿಸಿದ್ದು. 1967ರಲ್ಲಿ ಪಿಂಕ್ ಫ್ಲಾಯ್ಡ್ ಎಂಬ ಇಂಗ್ಲಿಷ್ ತಂಡದ ಎರಡು ಬಿಡಿ ಹಾಡುಗಳು ಹೆಸರು ಮಾಡಿದವು: ಮಾರ್ಚ್‌ನಲ್ಲಿ 'ಆರ್ನಾಲ್ಡ್ ಲೇನ್', ಜೂನ್‌ನಲ್ಲಿ 'ಸೀ ಎಮಿಲಿ ಪ್ಲೇ'. ಎರಡನೆಯದು ಆರನೇ ಸ್ಥಾನದವರೆಗೆ ಏರಿತು. ಆಗಸ್ಟ್‌ನಲ್ಲಿ ಬ್ರಿಟನ್ನಿನಲ್ಲಿ ಬಂದ ಅವರ ಮೊದಲ ಆಲ್ಬಮ್‌ನಲ್ಲಿ ಈ ಎರಡೂ ಇಲ್ಲ! ಬಿಡಿಯಾಗಿ ಕೊಂಡ ಹಾಡಿಗೆ ಗಿರಾಕಿಯಿಂದ ಮತ್ತೊಮ್ಮೆ ದುಡ್ಡು ಕೀಳಬಾರದೆಂಬುದು ಅಂದಿನ ಬ್ರಿಟಿಷ್ ರೆಕಾರ್ಡ್ ಕಂಪನಿಗಳಲ್ಲಿದ್ದ ವಾಡಿಕೆ. ಅಮೆರಿಕದಲ್ಲಿ ಆ ವಾಡಿಕೆ ಇರಲಿಲ್ಲ, ಅಲ್ಲಿನ ಪ್ರತಿ ಶುರುವಾಗುವುದೇ 'ಎಮಿಲಿ'ಯಿಂದ. ಒಂದೇ ಸರಕನ್ನು ಎರಡು ಸಲ ಮಾರಬಾರದೆಂಬ ಈ ಸಂಕೋಚ ಅಲ್ಲಾಹನ ಭಯದಿಂದ ಬಂದದ್ದಲ್ಲದಿರಬಹುದು, ಆದರೆ ತೂಕದ ಕಲ್ಲು ಸವೆಸಿ ಮಾರುವ ನಮ್ಮ ಸಂತೆಯವರು ಕಲಿಯಬಹುದಾದದ್ದು. ಅದೇ ವಾಡಿಕೆಯಿಂದ ಜಾರ್ಜ್ ಮಾರ್ಟಿನ್ 1967ರ ಬೀಟಲ್ಸ್ ಆಲ್ಬಮ್‌ನಿಂದ 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್', 'ಪೆನಿ ಲೇನ್' ಎಂಬೆರಡು ಹಾಡುಗಳನ್ನು ಹೊರಗಿಟ್ಟರು. ಮುಂದೆ ಅದನ್ನು ತಮ್ಮ ವೃತ್ತಿಜೀವನದ ಅತಿ ದೊಡ್ಡ ತಪ್ಪೆಂದು ಹೇಳಿಕೊಂಡರು. ನ್ಯಾಯವಾದ ಕಾರಣಕ್ಕೆ ಬಿಟ್ಟರೂ ಪಶ್ಚಾತ್ತಾಪ ಬರಬಹುದು. ಕಾರಣ ನೆಟ್ಟಗಿತ್ತೆಂಬುದು ಒಂದು ಮಾತು, ನಿರ್ಧಾರ ಸರಿಯಾಗಿತ್ತೆಂಬುದು ಬೇರೆಯೇ ಮಾತು.

ಬಿಟ್ಟದ್ದೆಲ್ಲ ಕೆಟ್ಟದ್ದು ಎಂಬ ಅವಸರದ ತೀರ್ಪು ನಮ್ಮ ಧಾರ್ಮಿಕ ಚರ್ಚೆಗಳಲ್ಲಿಯೂ ಉಂಟು. "ಬುಖಾರಿಯಲ್ಲಿಲ್ಲ, ಆದ್ದರಿಂದ ಸರಿಯಲ್ಲ" ಎಂದು ಹೇಳಿ ಎದುರಾಳಿಯ ಬಾಯಿ ಮುಚ್ಚಿಸುವವರನ್ನು ನಾನು ನೋಡಿದ್ದೇನೆ. ಇಮಾಮ್ ಬುಖಾರಿ(ರ) ಲಕ್ಷಾಂತರ ವರದಿಗಳನ್ನು ಶೋಧಿಸಿ, ಪುನರಾವರ್ತನೆಗಳೂ ಸೇರಿ ಏಳು ಸಾವಿರಕ್ಕೂ ಸ್ವಲ್ಪ ಹೆಚ್ಚು ಹದೀಸ್‌ಗಳನ್ನು ತಮ್ಮ ಸಹೀಹ್‌ನಲ್ಲಿ ಸೇರಿಸಿದರು. ಅದರಲ್ಲಿ ಪ್ರಬಲವಲ್ಲದ್ದನ್ನು ಸೇರಿಸಲಿಲ್ಲವೆಂದೂ, ಪ್ರಬಲವಾದವುಗಳಲ್ಲಿಯೇ ಎಷ್ಟನ್ನೋ ಗ್ರಂಥ ಉದ್ದವಾದೀತೆಂದು ಬಿಟ್ಟಿದ್ದೇನೆಂದೂ ಅವರೇ ಹೇಳಿದ್ದಾಗಿ ವರದಿಯಾಗಿದೆ. ಬಿಟ್ಟದ್ದೂ ಸತ್ಯವೆಂದು ಅವರು ತಾವೇ ಹೇಳಿ ಬಿಟ್ಟರು. ಗ್ರಂಥದ ಅಳತೆ ಕಾರಣ ಎಂದರು, ಅಳತೆಯೇ ಕಾರಣವಾಗಿತ್ತು. ನನ್ನ "ವ್ಯಾಳ್ಯಾ ಸಾಲಲಿಲ್ಲ"ಕ್ಕೂ ಇದಕ್ಕೂ ಮೇಲ್ನೋಟಕ್ಕೆ ಎಷ್ಟು ಹೋಲಿಕೆ! ಅವರೂ ಜಾಗವಿಲ್ಲವೆಂದರು, ನಾನೂ ಹೊತ್ತಿಲ್ಲವೆಂದೆ. ಅವರು ಹೇಳಿದ್ದು ನಿಜ, ನಾನು ಹೇಳಿದ್ದು ಸುಳ್ಳು.

ಈ ಸುಳ್ಳು ನನ್ನನ್ನು ಕಾಡತೊಡಗಿದಾಗ ನಾನೂ ಎಲ್ಲ ಪಂಡಿತರಂತೆ ಒಂದು ಒಳ್ಳೆಯ ಕಾರಣ ಹುಡುಕಿದೆ. ಅಕೀದಾ (ವಿಶ್ವಾಸ)ದ ದೃಷ್ಟಿಯಿಂದ ಆ ಪದ ನಮಗೆ ಹೊಂದುವುದಿಲ್ಲ, ಆದ್ದರಿಂದ ಬಿಟ್ಟೆ ಎಂದು ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಎರಡು ದಿನ ಸುಮ್ಮನಿತ್ತು. ಮೂರನೆಯ ದಿನ ಕೇಳಿತು: ಹಾಗಾದರೆ ಹಾಡಿಸಿದ ಆರರಲ್ಲಿ ಎರಡು ಪದಗಳಲ್ಲಿ ಅಕೀದಾದ ತೊಡಕು ಅದಕ್ಕಿಂತ ಹೆಚ್ಚಿತ್ತಲ್ಲ, ಅವನ್ನು ಯಾಕೆ ಉಳಿಸಿದೆ? ಅವು ಯಾರನ್ನೂ ಚುಚ್ಚುವುದಿಲ್ಲ, ಎಲ್ಲರಿಗೂ ಪ್ರಿಯವಾದ ಪದಗಳು ಎಂಬುದೇ ಉತ್ತರ. ಬೀಟಲ್ಸ್ ಹುಡುಗರ ಆರು ಹಾಡುಗಳ ಲೆಕ್ಕ ನನ್ನ ಮೇಲೂ ತಿರುಗಿತು.

ಹಿರಿಯ ಸಾತ್ವಿಕರಾದ ಫುಝೈಲ್ ಬಿನ್ ಇಯಾಝ್(ರ) ಅವರ ಹೆಸರಿನಲ್ಲಿ ಒಂದು ಪ್ರಸಿದ್ಧ ಮಾತಿದೆ. ಜನರಿಗಾಗಿ ಸತ್ಕರ್ಮ ಮಾಡುವುದನ್ನು ಅವರು ಶಿರ್ಕ್‌ನ ಸಾಲಿಗೆ ಸೇರಿಸುತ್ತಾರೆ. ಜನರಿಗಾಗಿ ಸತ್ಕರ್ಮವನ್ನು ಬಿಡುವುದನ್ನು ರಿಯಾ (ತೋರಿಕೆ) ಎನ್ನುತ್ತಾರೆ. ಎರಡರಿಂದಲೂ ಅಲ್ಲಾಹನು ಕಾಪಾಡಿದರೆ ಅದೇ ಇಖ್ಲಾಸ್ ಎನ್ನುತ್ತಾರೆ. ಮೊದಲ ಭಾಗ ಸುಲಭವಾಗಿ ಅರ್ಥವಾಗುತ್ತದೆ. ಎರಡನೆಯದರ ಮುಂದೆ ಮದ್ರಸದ ದಿನಗಳಲ್ಲಿ ನಾವು ತಡವರಿಸಿದ್ದೆವು. ಬಿಡುವುದರಲ್ಲಿ ತೋರಿಕೆ ಹೇಗೆ? ತೋರಿಸಲು ಏನೂ ಇಲ್ಲವಲ್ಲ! ಈಗ ಅರ್ಥವಾಗುತ್ತದೆ. ಅಂದು ಮುಂದಿನ ಸಾಲಿನವರಿಗೆ ನಾನು ತೋರಿಸಿದ್ದು ಆರು ಪದಗಳನ್ನಲ್ಲ, ಯಾರಿಗೂ ತೊಂದರೆ ಕೊಡದ ಸಭ್ಯ ಮಾಸ್ತರನನ್ನು.

ಹಾಗಾದರೆ ಜನರನ್ನು ಲೆಕ್ಕಕ್ಕೆ ತೆಗೆದುಕೊಂಡು ಏನನ್ನೂ ಬಿಡಲೇಬಾರದೇ? ಇಲ್ಲಿ ಒಂದು ಹದೀಸ್ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಕುರೈಷರು ಕಅಬಾವನ್ನು ಮರುನಿರ್ಮಿಸುವಾಗ ಹಝ್ರತ್ ಇಬ್ರಾಹೀಮ್(ಅ) ಹಾಕಿದ ಪಾಯದ ಒಂದು ಭಾಗವನ್ನು ಹೊರಗೆ ಬಿಟ್ಟಿದ್ದರು. ಪ್ರವಾದಿ(ಸ)ಯವರು ಹಝ್ರತ್ ಆಯಿಶಾ(ರ)ರಿಗೆ, ನಿನ್ನ ಜನರು ಅಜ್ಞಾನಕಾಲದಿಂದ ಇತ್ತೀಚೆಗಷ್ಟೇ ಹೊರಬಂದವರಾಗಿರದಿದ್ದರೆ ಅದನ್ನು ಆ ಹಳೆಯ ಪಾಯದ ಮೇಲೆಯೇ ಕಟ್ಟಿಸುತ್ತಿದ್ದೆ ಎಂಬರ್ಥದ ಮಾತು ಹೇಳಿದರು. ಕಟ್ಟಿಸುವುದು ಸರಿ, ಅಧಿಕಾರವೂ ಕೈಯಲ್ಲಿತ್ತು, ಆದರೂ ಬಿಟ್ಟರು. ಇಮಾಮ್ ಬುಖಾರಿ(ರ) ಇದನ್ನು ತಂದಿರುವ ಅಧ್ಯಾಯದ ಶೀರ್ಷಿಕೆಯ ಸಾರವೂ ಇದೇ: ಜನರ ತಿಳಿವಳಿಕೆ ಸಾಲದೆ ಅವರು ಇನ್ನೂ ದೊಡ್ಡ ಕೇಡಿಗೆ ಬಿದ್ದಾರೆಂದು ಒಂದು ಒಳ್ಳೆಯ ಆಯ್ಕೆಯನ್ನು ಬಿಡುವುದು.

ಎರಡನ್ನೂ ಪಕ್ಕಪಕ್ಕ ಇಟ್ಟು ಬಹಳ ದಿನ ಯೋಚಿಸಿದೆ. ಎರಡರಲ್ಲೂ ಜನರಿದ್ದಾರೆ. ಒಂದರಲ್ಲಿ ಬಿಡುವವನು ಜನರಿಗೆ ಆಗುವ ಹಾನಿಯನ್ನು ನೋಡುತ್ತಾನೆ, ಇನ್ನೊಂದರಲ್ಲಿ ಜನರಿಂದ ತನಗಾಗುವ ಹಾನಿಯನ್ನು. ಹೊರಗಿನಿಂದ ನೋಡಿದರೆ ಒಂದೇ ಕೆಲಸ, ಒಂದೇ ಮೌನ. ಮುಂದಿನ ಸಾಲಿನವರು ಆ ಪದ ಕೇಳಿ ಹಾಳಾಗುತ್ತಿದ್ದರೇ? ಇಲ್ಲ. ಒಂದಷ್ಟು ಸಿಡುಕುತ್ತಿದ್ದರು, ನನ್ನ ಮೇಲೆ. ಅಷ್ಟೇ.

ಈಗ ಆ ಹುಡುಗನ ಕತೆಗೆ ಬರುತ್ತೇನೆ. ಬೇರೆಯವರ ಕತೆಗಳೆಲ್ಲ ಮುಗಿದ ಮೇಲೆ "ಇವೆಲ್ಲ ಇರಲಿ, ನಿನ್ನದು ಯಾಕೆ ಬಿಟ್ಟೆ ಹೇಳು" ಎಂದೆ. ಲೋಟ ಕೆಳಗಿಟ್ಟ. ಅವನ ತಂದೆಗೆ ಎಲೆತೋಟವಿತ್ತು. ಸಾಲದಲ್ಲಿ ಹೋಯಿತು. ಈಗ ಅವರು ಬೇರೆಯವರ ತೋಟದಲ್ಲಿ ಕೂಲಿಗೆ ಎಲೆ ಕೊಯ್ಯುತ್ತಾರೆ. ಹಾಡು ಅದರ ಮೇಲೆ. ಸಂಜೆ ಮನೆಗೆ ಬಂದ ತಂದೆ ಕೈ ತೊಳೆದರೂ ಹೋಗದ ಎಲೆಯ ವಾಸನೆಯ ಮೇಲೆ. ಹೆಸರಿಲ್ಲ, ಊರಿನ ಹೆಸರೂ ಇಲ್ಲ. ಆದರೆ ಓಣಿಯವರು ಕೇಳಿದರೆ ಯಾರ ಕತೆಯೆಂದು ಎರಡನೆಯ ಸಾಲಿಗೇ ಗೊತ್ತಾಗುತ್ತದೆ. ತಂದೆಗೆ ಇನ್ನೂ ಬೇಗ.

"ಗೆಳೆಯರಿಗೆ ಏನು ಹೇಳಿದೆ?"

"ಟ್ಯೂನ್ ಗಟ್ಟಿ ಇಲ್ಲ ಅಂದೆ, ಸರ್."

ಸಿಕ್ಕಿದ ಎಂದುಕೊಂಡೆ. ಸುಳ್ಳು ಕಾರಣ ಹೇಳುವುದರ ಬಗ್ಗೆ ನನ್ನ ತಲೆಯಲ್ಲಿ ಎಲ್ಲ ಸಿದ್ಧವಾಗಿತ್ತು: ಫುಝೈಲ್‌ರ ಮಾತು, ಬುಖಾರಿಯವರ ಉದಾಹರಣೆ, ನನ್ನದೇ ಅನುಭವ. "ಬಿಡುವುದಾದರೆ ಬಿಡು, ಗೆಳೆಯರಿಗೆ ನಿಜವಾದ ಕಾರಣ ಹೇಳಬೇಕಿತ್ತು" ಎಂದೆ.

"ನಿಜವಾದ ಕಾರಣ ಹೇಳಿದ್ರೆ ಅಪ್ಪನ ಕತೆ ಹೇಳಿದ ಹಾಗೇ ಆಗ್ತಿತ್ತಲ್ಲ ಸರ್. ಹಾಡು ಬಿಟ್ಟು ಏನು ಬಂತು ಮತ್ತೆ?"

ನನ್ನ ಬಳಿ ಉತ್ತರವಿರಲಿಲ್ಲ. ಒಬ್ಬ ಮುಸ್ಲಿಮನ ಮಾನವನ್ನು ಮುಚ್ಚಿದವನ ಮಾನವನ್ನು ಅಲ್ಲಾಹನು ಮುಚ್ಚುವನೆಂಬ ಹದೀಸನ್ನು ನಾನೇ ಆ ಹುಡುಗನ ತರಗತಿಯಲ್ಲಿ ಪಾಠ ಮಾಡಿದ್ದೆ. ಸಾಲ ಮಾಡುವುದು ಅಪರಾಧವಲ್ಲ, ಕೂಲಿ ಅವಮಾನವಲ್ಲ ಎಂದು ನಾವು ಮಿಂಬರಿನ ಮೇಲಿಂದ ಹೇಳಬಹುದು. ತೋಟ ಕಳೆದುಕೊಂಡವನಿಗೆ ಅದು ಹೇಗೆ ಕಾಣುತ್ತದೆಂಬುದನ್ನು ಮಿಂಬರು ತೀರ್ಮಾನಿಸಲಾರದು. ಹುಡುಗ ತನ್ನ ಅತ್ಯುತ್ತಮ ಹಾಡನ್ನು ಬಿಟ್ಟ, ಜೊತೆಗೆ ಅದು ಅತ್ಯುತ್ತಮ ಎಂಬ ಹೆಗ್ಗಳಿಕೆಯನ್ನೂ ಬಿಟ್ಟ. "ಟ್ಯೂನ್ ಗಟ್ಟಿ ಇಲ್ಲ" ಎಂದು ಕೆಟ್ಟ ಹೆಸರನ್ನು ತನ್ನ ಮೇಲೆ ಹಾಕಿಕೊಂಡ. ನಾನು "ವ್ಯಾಳ್ಯಾ ಸಾಲಲಿಲ್ಲ" ಎಂದಾಗ ದೋಷವನ್ನು ಗಡಿಯಾರದ ಮೇಲೆ ಹಾಕಿದ್ದೆ. ಸುಳ್ಳು ಸುಳ್ಳೇ, ಅವನದಕ್ಕೆ ನಾನು ಫತ್ವಾ ಕೊಡಹೊರಟಿಲ್ಲ. ಕಾರಣ ಹೇಳದೆ "ಬೇಡ, ಬಿಡಿ" ಎಂದಷ್ಟೇ ಅಂದಿದ್ದರೂ ಸಾಕಿತ್ತು ಎಂದು ಆಮೇಲೆ ಹೇಳಿದೆ, ಅವನೂ ಒಪ್ಪಿದ. ಆದರೆ ಅವನ ಸುಳ್ಳಿನ ಹಿಂದೆ ಇನ್ನೊಬ್ಬ ಮನುಷ್ಯ ಇದ್ದ. ನನ್ನದರ ಹಿಂದೆ ಇದ್ದವನು ನಾನೇ.

ಒಂದು ಭಾನುವಾರ ಆ ಹಿರಿಯರನ್ನು ಹುಡುಕಿಕೊಂಡು ಹೊರಟೆ. ಅವರು ಮಗಳ ಮನೆಯಿಂದ ತಮ್ಮ ಊರಿಗೆ ಮರಳಿದ್ದರು. ಹಿರೇಕೆರೂರು ತಾಲೂಕಿನಲ್ಲಿ, ಮಾಸೂರಿನ ದಾರಿಯಲ್ಲಿ ಒಂದು ಹಳ್ಳಿ. ಹಾನಗಲ್ಲಿನಲ್ಲಿ ಬಸ್ಸು ಬದಲಿಸಬೇಕು. ನಿಲ್ದಾಣದಲ್ಲಿ ಒಂದು ಗಂಟೆ ಕಾದೆ. ಈ ಊರಿನ ಹೆಸರನ್ನು ಜಗತ್ತಿಗೆ ಕೇಳಿಸಿದ ಗಂಗೂಬಾಯಿ ಹಾನಗಲ್ (1913–2009) ನೆನಪಾದರು. ಅವರು ಮೊದಮೊದಲು ರೇಡಿಯೋದಲ್ಲಿ ಭಜನೆ, ಠುಮ್ರಿಗಳನ್ನೂ ಹಾಡುತ್ತಿದ್ದರು, ಮುಂದೆ ಅವನ್ನು ಬಿಟ್ಟು ರಾಗ ಗಾಯನಕ್ಕಷ್ಟೇ ನಿಂತರು. ಆದರೆ ನನ್ನ ಮನಸ್ಸು ಹೋದದ್ದು ಅವರ ತಾಯಿ ಅಂಬಾಬಾಯಿಯವರ ಕಡೆಗೆ. ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ, ತನ್ನ ಸಂಗೀತ ಮಗಳ ಕಂಠದಲ್ಲಿ ಬೆರೆತುಹೋದೀತೆಂದು ಆ ತಾಯಿ ತನ್ನ ಹಾಡನ್ನೇ ನಿಲ್ಲಿಸಿದರು. ಒಂದು ಹಾಡಲ್ಲ, ಒಂದು ಆಲ್ಬಮ್ ಅಲ್ಲ, ಬಾಳೆಲ್ಲ ಕಲಿತದ್ದು. ಅವರು ಬಿಟ್ಟದ್ದನ್ನು ಯಾವ ರೆಕಾರ್ಡು ಕಂಪನಿಯೂ 30 ವರ್ಷ ಕಳೆದು ಹೊರತರಲಾರದು. ಆ ಹುಡುಗನ ಹಾಡಿನ ಬಗ್ಗೆ ಮತ್ತೆ ಯೋಚಿಸುತ್ತ ಕುಳಿತೆ. ಬಸ್ಸು ಬಂತು.

ಹಿರೇಕೆರೂರಿನ ಸೀಮೆ ಸರ್ವಜ್ಞನದೆಂದು ಹೇಳುತ್ತಾರೆ. ಅವನ ತ್ರಿಪದಿಗಳನ್ನು ಊರೂರು ಸುತ್ತಿ ಕೂಡಿಹಾಕಿ 1924ರಲ್ಲಿ ಪ್ರಕಟಿಸಿದ ಉತ್ತಂಗಿ ಚನ್ನಪ್ಪನವರು ಕ್ರೈಸ್ತ ಪಾದ್ರಿಗಳು. ಬಾಯಿಂದ ಬಾಯಿಗೆ ಬಂದ ರಾಶಿಯಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಚಿಂತೆ ಅವರಿಗೂ ಇದ್ದಿರಬೇಕು. ಸರ್ವಜ್ಞನೂ ಎಲ್ಲ ಕಡೆಯವರನ್ನೂ ಚುಚ್ಚುವವನೇ. ಪಾದ್ರಿಗಳು ಮುಂದಿನ ಸಾಲಿನವರ ಮುಖ ನೋಡಿ ಆರಿಸಿದ್ದರೆ ಆ ಪುಸ್ತಕ ಎಷ್ಟು ತೆಳ್ಳಗಾಗುತ್ತಿತ್ತು!

ಹಿರಿಯರು ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ಗುರುತು ಹಿಡಿದು, ಒಳಗೆ ಕರೆದು ನೀರು ಕೊಟ್ಟರು. ಪೀಠಿಕೆ ಹಾಕಲು ಹೋಗಿ ಆಗದೆ ನೇರವಾಗಿ ಹೇಳಿದೆ:

"ಅಜ್ಜಾರ, ಅವತ್ತ ವ್ಯಾಳ್ಯಾ ಇತ್ರಿ. ನಾನು ಅಂಜಿ ಬಿಟ್ಟೆ."

"ಅದು ನನಗ ಅವತ್ತ ಗೊತ್ತಾತು ಬಿಡ್ರಿ" ಎಂದರು. ಸಿಟ್ಟಿರಲಿಲ್ಲ. ಸ್ವಲ್ಪ ಹೊತ್ತು ತಂಬಾಕು ತಿಕ್ಕುತ್ತ ಕುಳಿತರು. ಆಮೇಲೆ, "ಆ ಸಣ್ಣ ಹುಡುಗಿ, ಮುಂದ ನಿಂತು ಹಾಡಾಕಿ, ಆ ಪದದಾಗ ಆಕಿದು ಒಂದು ನುಡಿ ಇತ್ರಿ. ಹದಿನೈದು ದಿನಾ ಮನ್ಯಾಗ ಗುಣಗುಡಿದ್ಲಂತ. ಆಕಿಗಿ ಏನ್ ಹೇಳಿದ್ರಿ?" ಎಂದು ಕೇಳಿದರು.

ಆ ಹುಡುಗಿಗೂ ನಾನು ಹೊತ್ತಾಯಿತೆಂದೇ ಹೇಳಿದ್ದೆ. ಮುಂದಿನ ಸಾಲಿನ ದೊಡ್ಡವರ ಲೆಕ್ಕದಲ್ಲಿ ಆ ಮಗು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

"ಈ ವರ್ಷ ಹಾಡಸ್ತೀರೇನು?"

ಈ ಬಾರಿಯ ಗ್ಯಾದರಿಂಗ್ ಸಮಿತಿಯ ಸಭೆ ಬರುವ ತಿಂಗಳು. ಕೇಳಿ ನೋಡುತ್ತೇನೆ ಎಂದೆ. "ಯಾರ್ನ ಕೇಳ್ತೀರಿ?" ಎಂದರು.